ಪಾರ್ಕಿನ ಸಣ್ಣನೂ ಸ್ಟ್ಯಾಂಡ್ ಹಾಕಿದ ಸೈಕಲ್ಲೂ

ನನಗೆ ಬಂದಿರುವ ಕಾಯಿಲೆಯ ಹೆಸರು ಪಾರ್ಕಿನ್ಸನ್. ನನ್ನ ನಾಲಿಗೆಗೆ ಅದು ಇವತ್ತಿಗೂ ಹೊರಳುವುದಿಲ್ಲ. ಶಿವಮೊಗ್ಗದ ಡಾಕ್ಟರು ಮೊದಲ ಸಲ ಹೇಳಿದಾಗ ನನಗೆ ‘ಪಾರ್ಕಿನ ಸಣ್ಣ’ ಎಂದು ಕೇಳಿಸಿತು. ಯಾವುದೋ ಪಾರ್ಕಿನಲ್ಲಿ ಬಿದ್ದಿರುವ ಸಣ್ಣ ಎಂಬ ಉಂಡಾಡಿಯ ಹೆಸರಿದ್ದಂತಿತ್ತು. ಆವತ್ತಿನಿಂದ ನಮ್ಮ ಮನೆಯಲ್ಲಿ ಅವನು ಸಣ್ಣನೇ. ಕೈ ಹೆಚ್ಚು ನಡುಗಿದ ದಿನ ‘ಸಣ್ಣ ಇವತ್ತು ಕುಡಿದು ಬಂದಾನೆ’ ಎನ್ನುತ್ತೇನೆ. ಮಗ ಮಂಜುವಿಗೆ ಈ ಮಾತು ಹಿಡಿಸುವುದಿಲ್ಲ. ಸೊಸೆ ರೇಣುಕಾ ನಗುತ್ತಾಳೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಳತೆಯ ಅಂಕಿ, ಗಿರಾಕಿಗಳ ಹೆಸರು, ಬಸ್ಸಿನ ಬೋರ್ಡು ಓದಲು ಬಂದರೆ ನನ್ನ ಬದುಕಿಗೆ ಸಾಕಾಗಿತ್ತು. ಅದಕ್ಕೆ ನಾನು ಹೇಳುತ್ತಾ ಹೋಗಿದ್ದೇನೆ, ರೇಣುಕಾ ಟೈಪ್ ಮಾಡಿದ್ದಾಳೆ. ತನ್ನನ್ನು ಹೊಗಳುವ ಮಾತು ಬಂದ ಕಡೆಯಲ್ಲೆಲ್ಲ ಕೈ ನಿಲ್ಲಿಸಿ ‘ಇದು ಬೇಡ ಅತ್ತೆ’ ಎಂದಳು. ‘ಹೇಳಾಕಿ ನಾನು, ನೀನು ಸುಮ್ನೆ ಬಡಿ’ ಎಂದೆ. ನಡುಗುವ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತವರು ಯಾರಾದರೂ ಇದ್ದರೆ ಅವರಿಗೆಂದು ಇದನ್ನು ಬರೆಸುತ್ತಿದ್ದೇನೆ. ನಾನೂ ಮುಚ್ಚಿಟ್ಟುಕೊಂಡಿದ್ದೆ. ಏನೂ ಉಪಯೋಗವಾಗಲಿಲ್ಲ.

ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ನಾನು ಬ್ಲೌಸ್ ಹೊಲಿಯುತ್ತಾ ಬಂದವಳು. ರೇಣುಕಾಳ ಕೆಲಸವೂ ಮನೆಯಲ್ಲೇ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮಿಕ್ಸಿ, ಕುಕ್ಕರ್ ಕೆಟ್ಟವರ ದೂರು ಕೇಳುತ್ತಾಳೆ. ಅದಕ್ಕೆ ‘ವರ್ಕ್ ಫ್ರಮ್ ಹೋಮ್’ ಎನ್ನುತ್ತಾಳೆ. ಅವಳು ಹುಟ್ಟುವ ಮೊದಲಿನಿಂದ ನಾನು ಅದನ್ನೇ ಮಾಡುತ್ತಿದ್ದೆ, ಅದಕ್ಕೊಂದು ಹೆಸರಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಮೊದಲು ಕೆಟ್ಟದ್ದು ಬಲಗೈ. ಸೂಜಿಗೆ ದಾರ ಹೋಗಲಿಲ್ಲ. ಕಣ್ಣಿನ ದೋಷವೆಂದು ಕನ್ನಡಕ ಬದಲಾಯಿಸಿದೆ. ಆಮೇಲೆ ಸುಮ್ಮನೆ ಕೂತಾಗಲೂ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು, ಸಾರಿಗೆ ಉಪ್ಪು ಹಾಕುವವರ ಹಾಗೆ. ಒಂದು ದಿನ ಗಿರಾಕಿಯೊಬ್ಬಳ ರೇಷ್ಮೆ ಬಟ್ಟೆಯ ಕುತ್ತಿಗೆ ಕತ್ತರಿಸುವಾಗ ಕತ್ತರಿ ಎಗರಿ ಎದೆಯವರೆಗೆ ಹೋಯಿತು. ಆಕೆ ಒಳ್ಳೆಯವಳು, ಏನೂ ಅನ್ನಲಿಲ್ಲ. ಮಗನೇ ಅಂದ.

‘ಅವ್ವ, ಸಾಕು ಬಿಡು. ಇನ್ನು ಹುಕ್ಕು, ಹೆಮ್ಮಿಂಗ್ ಮಾಡ್ಕೊಂಡು ಆರಾಮಾಗಿ ಕುಂದ್ರು. ಕಟಿಂಗ್ ಪ್ಯಾಟಿ ಟೇಲರ್ ಕಡೆ ಮಾಡಿಸಿದ್ರಾತು.’

‘ಕತ್ತರಿ ಹಿಡೀದೇ ಇದ್ರೆ ನಾನು ಟೇಲರ್ ಹೆಂಗಾಗ್ತೀನಲೇ? ಗುಂಡಿ ಹಚ್ಚೋ ಮುದುಕಿ ಆಗ್ತೀನಿ.’

‘ಗುಂಡಿ ಹಚ್ಚಿದ್ರೇನು ಮರ್ಯಾದಿ ಹೋಗ್ತೈತಾ?’

ಕತ್ತರಿಯನ್ನು ಒಯ್ದು ಬೀರುವಿನ ಮೇಲೆ, ನನ್ನ ಕೈಗೆಟುಕದ ಕಡೆ ಇಟ್ಟ. ಅವನು ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವನು. ಸುಟ್ಟ ಮೋಟರನ್ನು ಪಕ್ಕಕ್ಕಿಟ್ಟು ಬೇರೆ ಹಾಕುವುದು ಅವನಿಗೆ ರೂಢಿ. ಪ್ರೀತಿಯಿಂದಲೇ ಇಟ್ಟ, ಅದು ನನಗೂ ಗೊತ್ತು. ಆದರೆ ಆವತ್ತು ನಾನು ಅವನಿಗೆ ಊಟಕ್ಕೆ ಬಡಿಸಲಿಲ್ಲ.

ಆಮೇಲೆ ಕಾಲು ಶುರುವಾಯಿತು. ಬಯಲಿನಲ್ಲಿ ನಡೆಯುತ್ತಿದ್ದೆ, ಬಾಗಿಲ ಬಳಿ ಬಂದರೆ ಪಾದ ನೆಲಕ್ಕೆ ಅಂಟುತ್ತಿತ್ತು. ದಾಟಬೇಕೆಂದು ತಲೆ ಹೇಳುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಪಾದ ಮಾತ್ರ ಬರುವುದಿಲ್ಲ. ಹೊಸ್ತಿಲ ಮುಂದೆ ತಲೆ ತಗ್ಗಿಸಿ ನಿಂತಿರುತ್ತಿದ್ದೆ. ಪಕ್ಕದ ಮನೆಯ ಗೌರಕ್ಕ ಇದನ್ನು ನೋಡಿ ‘ಮೊದಲೆಲ್ಲ ದೇವ್ರಿಗೂ ಕೈ ಮುಗೀದಿದ್ದಾಕಿ, ಈಗ ಹೊಸ್ತಿಲಕ್ಕೂ ನಮಸ್ಕಾರ ಮಾಡ್ತೀಯಲ್ಲೇ’ ಎಂದು ಮೆಚ್ಚಿಕೊಂಡಳು. ನಾನು ಹೂಂ ಎಂದೆ. ಭಕ್ತೆ ಅನ್ನಿಸಿಕೊಳ್ಳುವುದು ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಸುಲಭವಾಗಿತ್ತು. ಸ್ವಲ್ಪ ದಿನಕ್ಕೆ ಅದೇ ಗೌರಕ್ಕ ‘ಯಾರೋ ಮಾಟ ಮಾಡಿಸಿ ಕಾಲು ಕಟ್ಟಿಸ್ಯಾರೆ, ಚಂದ್ರಗುತ್ತಿ ಅಮ್ಮನ ಗುಡಿಗೆ ಹೋಗಿ ಬಾ’ ಎಂದಳು. ರೇಣುಕಾಳ ತವರು ಆ ಕಡೆಯೇ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಅವಳ ಹೆಸರೂ ಆ ದೇವಿಯದೇ. ‘ನಂಗೂ ಅಮ್ಮನ್ನ ನೋಡಿ ಬಾಳ ದಿನ ಆತು, ಹೋಗನ ಬನ್ನಿ’ ಎಂದು ಹೊರಟಳು.

ಗುಡಿಯ ಮೆಟ್ಟಿಲನ್ನು ಚೆನ್ನಾಗಿಯೇ ಹತ್ತಿದೆ. ಕಣ್ಣಿಗೆ ಒಂದೊಂದಾಗಿ ಕಂಡರೆ ಕಾಲು ಎದ್ದೇಳುತ್ತಿತ್ತು. ಗುಡಿಯ ಹೊಸ್ತಿಲಿಗೆ ಬಂದೆ ನೋಡಿ, ಅಲ್ಲಿ ನಿಂತಿತು. ಹಿಂದಿನವರು ಒತ್ತಿದರು. ನನಗೆ ಗಾಬರಿಯಾಗಿ ಕೈ ಜೋರಾಗಿ ನಡುಗತೊಡಗಿತು. ಅಲ್ಲಿಗೆ ಮುಗಿಯಿತು. ಯಾರೋ ಒಬ್ಬಳು ‘ಅಮ್ಮ ಬಂದಾಳೆ, ಮೈಮೇಲೆ ಬಂದಾಳೆ!’ ಎಂದು ಕೂಗಿದಳು. ಇನ್ನೊಬ್ಬಳು ಬಂದು ನನ್ನ ಹಣೆಗೆ ಭಂಡಾರದ ಅರಿಶಿನ ಬಳಿದು ಕಾಲಿಗೇ ಬಿದ್ದಳು.

‘ತಾಯೀ, ನಮ್ಮ ಹುಡುಗೀಗೆ ಬಂದಿರೋ ಸಂಬಂಧ ಮಾಡ್ಲಾ ಬ್ಯಾಡ್ವಾ, ಬಾಯಿ ಬಿಟ್ಟು ಹೇಳು!’

‘ಕಾಲು ಎತ್ತಿ ಆಚೆ ಇಡ್ರೇ!’ ಎಂದು ನಾನು ಅರಚಿದೆ.

‘ಕೇಳಿದ್ಯೇನೇ?’ ಎಂದಳು ಅವಳ ಪಕ್ಕದವಳು. ‘ಕಾಲು ತೆಗಿ, ಆಚೆ ಹೋಗು ಅಂತಾಳೆ. ಆ ಸಂಬಂಧ ಬ್ಯಾಡ ಅಂತಲೇ ಅರ್ಥ.’

‘ನಿಮ್ಮ ಸಂಬಂಧಕ್ಕಿಷ್ಟು ಬೆಂಕಿ ಹಾಕ! ನನ್ನ ಕಾಲು ಕಣ್ರೇ!’

ಆಕೆ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಹುಡುಗಿಯ ಮದುವೆ ಏನಾಯಿತೋ ನನಗೆ ಗೊತ್ತಿಲ್ಲ. ಒಳ್ಳೆಯ ಗಂಡು ಕೈತಪ್ಪಿದ್ದರೆ ಸಣ್ಣನನ್ನು ಕೇಳಿಕೊಳ್ಳಲಿ.

ಆಗ ರೇಣುಕಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಏನು ಹೊಳೆಯಿತೋ, ತನ್ನ ಪಾದವನ್ನು ನನ್ನ ಬೆರಳುಗಳ ಮುಂದೆ ಅಡ್ಡಲಾಗಿ ಇಟ್ಟಳು. ‘ಅತ್ತೆ, ಹೊಸ್ತಿಲು ನೋಡಬ್ಯಾಡಿ. ನನ್ನ ಪಾದ ದಾಟಿ.’

ನಮ್ಮ ಕಡೆ ಮನುಷ್ಯರನ್ನು ದಾಟಬಾರದು. ಮಲಗಿದ ಮಗುವಿನ ಮೇಲೆ ಕಾಲು ಹಾಯಿಸಿದರೂ ತಿರುಗಿ ದಾಟಿಸುತ್ತೇವೆ. ಸುತ್ತಲಿದ್ದವರು ‘ಬ್ಯಾಡ, ಬ್ಯಾಡ’ ಎಂದರು. ನನ್ನ ಕಾಲು ಎದ್ದಿತು, ಅವಳ ಪಾದ ದಾಟಿತು, ಅದರ ಜೊತೆಗೇ ಹೊಸ್ತಿಲನ್ನೂ ದಾಟಿತು. ಒಳಗೆ ಹೋಗಿ ಕೈ ಮುಗಿದೆ. ಏನು ಬೇಡಿಕೊಂಡೆನೋ ನೆನಪಿಲ್ಲ, ಸೊಸೆಯ ಪಾದವನ್ನೇ ಯೋಚಿಸುತ್ತಿದ್ದೆ. ಅಷ್ಟು ಜನರ ಎದುರು ಅತ್ತೆಯಿಂದ ದಾಟಿಸಿಕೊಳ್ಳುವುದಕ್ಕೆ ಗಟ್ಟಿ ಎದೆ ಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದಳು: ‘ದೇವಿ ಬಂದಿದ್ರೆ ನನ್ನ ಪಾದ ನೋಡಿ ಇಳಿದು ಹೋಗ್ತಿದ್ಲಾ? ಇದು ನರದ್ದು ಇರಬೇಕು ಅತ್ತೆ. ಶಿವಮೊಗ್ಗಕ್ಕೆ ಹೋಗನ.’

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕಾದದ್ದೇ ಕಾದದ್ದು. ಕಾಯುವ ಕೋಣೆಯಲ್ಲಿ ಕೂತಾಗ ಎದುರಿನ ಕುರ್ಚಿಯಲ್ಲಿ ನನ್ನದೇ ವಯಸ್ಸಿನ ಒಬ್ಬರಿಗೆ ಅವರ ಹೆಂಡತಿ ಇಡ್ಲಿ ಮುರಿದು ಬಾಯಿಗಿಡುತ್ತಿದ್ದರು. ಅವರು ಅಗಿಯುವುದನ್ನು ಮರೆತವರಂತೆ ಕೂತಿದ್ದರು. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಾಯುವ ಹೆದರಿಕೆ ಅಲ್ಲ, ಇನ್ನೊಬ್ಬರು ನನಗೆ ತುತ್ತು ಇಡುವ ಹೆದರಿಕೆ. ಕ್ಯಾಂಟೀನಿನ ಹೆಂಗಸು ಎಲ್ಲರಿಗೂ ಟೀ ಕೊಡುತ್ತಾ ಬಂದವಳು ನನ್ನ ಕೈ ನೋಡಿದಳು. ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಹಾಕಿ ಕೊಟ್ಟಳು, ಚೆಲ್ಲದಿರಲಿ ಎಂದು. ಅದನ್ನು ಕುಡಿದು ಮುಗಿಸುವ ಹೊತ್ತಿಗೆ ಉಳಿದರ್ಧವನ್ನೂ ತಂದು ಹಾಕಿದಳು. ಔಷಧಿಗಿಂತ ಮೊದಲು ನನಗೆ ಹಿತವಾದದ್ದು ಆ ಟೀ.

ಡಾಕ್ಟರು ಹೆಣ್ಣುಮಗಳು. ನಡೆಸಿದರು, ಬೆರಳು ಕುಟ್ಟಿಸಿದರು, ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದರು.

‘ನಂಗೆ ಬರಿಯೋದು ಅಷ್ಟಕ್ಕಷ್ಟೆ. ಕತ್ತರಿ ಕೊಡ್ರಿ, ಕತ್ತರಿಸಿ ತೋರಿಸ್ತೀನಿ’ ಎಂದೆ.

‘ಆಸ್ಪತ್ರೆಯಲ್ಲಿ ನನ್ನ ಕೈಗೇ ಕತ್ತರಿ ಕೊಡುವುದಿಲ್ಲ ಅಮ್ಮ’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಾಯಿಲೆಯ ಹೆಸರು ಹೇಳಿದರು. ಇದು ಪೂರ್ತಿ ಹೋಗುವುದಲ್ಲ, ಮಾತ್ರೆ ನುಂಗಿ, ಮೈ ಆಡಿಸಿ ಹದ್ದುಬಸ್ತಿನಲ್ಲಿಡಬೇಕು ಎಂದರು. ಸುತ್ತಿ ಬಳಸಿ ಹೇಳಲಿಲ್ಲ, ಅದು ನನಗೆ ಹಿಡಿಸಿತು. ಪಾದ ಅಡ್ಡ ಇಟ್ಟ ಕಥೆ ಕೇಳಿ ರೇಣುಕಾಳನ್ನು ಎರಡು ಸಲ ನೋಡಿದರು. ‘ನಾವು ಕಲಿಸಿಕೊಡುವ ಉಪಾಯ ಅದು. ನಿಮಗೆ ಯಾರು ಹೇಳಿದರು?’

‘ಯಾರೂ ಹೇಳಿಲ್ಲ ಮೇಡಂ. ಅತ್ತೆ ಮೆಟ್ಟಿಲು ಸರಾಗ ಹತ್ತಿದ್ರು. ಅಡ್ಡ ಏನಾದ್ರೂ ಕಂಡ್ರೆ ಕಾಲು ಏಳ್ತದೇನೋ ಅನ್ನಿಸ್ತು.’

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ ‘ಸೈಕಲ್ ತುಳಿಯಲು ಬರುತ್ತದೆಯೇ?’ ಎಂದರು.

‘ನಮ್ಮ ಕಾಲದಾಗೆ ಹೆಂಗಸು ಸೈಕಲ್ ಹತ್ತಿದ್ರೆ ಊರೇ ಹಿಂದೆ ಓಡಿ ಬರ್ತಿತ್ತು. ನಾನು ತುಳಿದಿದ್ದು ಹೊಲಿಗಿ ಮೆಷಿನ್. ಅದಕ್ಕೂ ನನ್ನ ಮಗ ಮೋಟರ್ ಹಾಕಿ ಕಾಲಿನ ಕೆಲಸ ತಪ್ಪಿಸಿದ.’

‘ಹಾಗಾದರೆ ಕಾಲಿಗೆ ತುಳಿತ ನೆನಪಿರುತ್ತದೆ. ನಡೆಯುವಾಗ ಅಂಟುವ ಕಾಲು ಎಷ್ಟೋ ಜನರಿಗೆ ಪೆಡಲ್ ಮೇಲೆ ಅಂಟುವುದಿಲ್ಲ. ಆದರೆ ರಸ್ತೆಗೆ ಬೇಡ. ನಿಂತ ಕಡೆಯೇ ತುಳಿಯುವ ಸೈಕಲ್, ಪಕ್ಕದಲ್ಲಿ ಒಬ್ಬರಿರಬೇಕು, ಒಂದು ದಿನವೂ ತಪ್ಪಿಸಬಾರದು.’

ನಿಂತ ಕಡೆಯೇ ತುಳಿಯುವ ಸೈಕಲ್ ಎಲ್ಲಿಂದ ತರುವುದು ಎಂದು ಮಂಜು ತಲೆ ಕೆರೆದುಕೊಂಡ. ರೇಣುಕಾ ಕುಪ್ಪಗಡ್ಡೆಗೆ ಫೋನ್ ಮಾಡಿದಳು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ ತವರಿನ ಕೊಟ್ಟಿಗೆಯಲ್ಲಿತ್ತು, ಅದರ ಮೇಲೆ ಕೋಳಿ ಕೂರುತ್ತಿದ್ದವು. ಗೂಡ್ಸ್ ಗಾಡಿಯಲ್ಲಿ ಬಂತು. ಮಂಜು ವೆಲ್ಡಿಂಗ್ ಅಂಗಡಿಯಲ್ಲಿ ಅದರ ಸ್ಟ್ಯಾಂಡನ್ನು ಮಂಚದ ಕಾಲಿನಷ್ಟು ಅಗಲ ಮಾಡಿಸಿದ, ಸೀಟು ತಗ್ಗಿಸಿದ, ಹಿಂದಿನ ಗಾಲಿಗೆ ನನ್ನ ಸೆರಗು ಸಿಗದಂತೆ ಜಾಲರಿ ಕಟ್ಟಿದ. ನಾನು ಸೀರೆ ಬಿಟ್ಟು ಕೂರಲು ದೊಗಳೆ ಪೈಜಾಮ ಹೊಲಿಸಿಕೊಂಡೆ. ಹೊಲಿದದ್ದು ಪೇಟೆಯ ಟೇಲರ್. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಬೀರುವಿನ ಮೇಲಿದ್ದ ಕತ್ತರಿಯನ್ನೊಮ್ಮೆ ನೋಡಿದೆ.

ಕೂರಿಸಿದ ಮೊದಲ ದಿನ ರೇಣುಕಾ ಒಂದು ಕಡೆ, ಮಂಜು ಒಂದು ಕಡೆ. ಪೆಡಲ್ ಮೇಲೆ ಪಾದ ಇಟ್ಟೆ. ಬಾಗಿಲಲ್ಲಿ ಸತ್ತ ಹಾಗೆ ನಿಲ್ಲುತ್ತಿದ್ದ ಕಾಲು ಗಿರ್ರನೆ ತಿರುಗಿತು. ನಿಲ್ಲಿಸು ಎಂದರೂ ನಾನು ನಿಲ್ಲಿಸಲಿಲ್ಲ. ಗೌರಕ್ಕ ಕಿಟಕಿಯಿಂದ ಇಣುಕಿ ‘ಏನೇ, ಪೈಜಾಮ ಹಾಕ್ಕೊಂಡು ಎಲ್ಲಿಗೆ ಸವಾರಿ?’ ಎಂದಳು.

‘ಬನವಾಸಿಗೆ. ಬರ್ತೀಯೇನು, ಕ್ಯಾರಿಯರ್ ಖಾಲಿ ಐತಿ.’

ತುಳಿಯುವುದು ಕಷ್ಟವಾಗಲಿಲ್ಲ. ದಿನವೂ ತುಳಿಯುವುದು ಕಷ್ಟವಾಯಿತು. ಒಂದೇ ಕೋಣೆಯಲ್ಲಿ ಇಬ್ಬರ ಕೆಲಸ. ನನಗೆ ಹುಕ್ಕಿನ ಬ್ಲೌಸುಗಳ ರಾಶಿ, ಅವಳಿಗೆ ಫೋನುಗಳ ಸಾಲು. ಗಿರಾಕಿ ಬಂದು ಕೂತರೆ ಇವತ್ತು ಬೇಡ ಎನ್ನಿಸುತ್ತಿತ್ತು. ಬೇಡ ಎಂದ ದಿನ ಸಂಜೆಗೆ ಸಣ್ಣ ತನ್ನ ಬಳಗವನ್ನೇ ಕರೆತರುತ್ತಿದ್ದ. ಒಂದು ದಿನ ಹಠ ಮಾಡಿ ಅವಳ ಕೆಲಸದ ಹೊತ್ತಿನಲ್ಲೇ ತುಳಿಯಲು ಕೂತೆ. ಚೈನು ಕಟಕಟ ಎಂದಿತು. ಫೋನಿನ ಆ ಕಡೆಯವನು ಏನೋ ಕೇಳಿರಬೇಕು. ರೇಣುಕಾ ತನ್ನ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಳು.

‘ಕ್ಷಮಿಸಿ ಸರ್, ನಮ್ಮ ಅತ್ತೆಯವರು ಸೈಕಲ್ ತುಳಿಯುತ್ತಿದ್ದಾರೆ... ಹೌದು ಸರ್, ಮನೆಯೊಳಗೇ... ಇಲ್ಲ ಸರ್, ಎಲ್ಲಿಗೂ ಹೋಗುತ್ತಿಲ್ಲ... ಖಂಡಿತ ತಿಳಿಸುತ್ತೇನೆ ಸರ್. ನಿಮ್ಮ ಕುಕ್ಕರಿನ ಹಿಡಿಕೆಯ ವಿಷಯಕ್ಕೆ ಬರೋಣ.’

ಫೋನ್ ಇಟ್ಟು ಹೇಳಿದಳು: ‘ಅವರ ತಾಯಿಗೂ ಕೈ ನಡುಗ್ತದಂತೆ ಅತ್ತೆ. ಸೈಕಲ್ ಬಗ್ಗೆ ಡಾಕ್ಟ್ರನ್ನ ಕೇಳ್ತೀನಿ ಅಂದ್ರು. ನಿಮ್ಗೆ ನಮಸ್ಕಾರ ಹೇಳು ಅಂದ್ರು.’

ಆ ನಮಸ್ಕಾರ ಚೆನ್ನಾಗಿಯೇ ಇತ್ತು. ಆದರೆ ಆಫೀಸಿನಲ್ಲಿ ಅವಳ ಮೇಲಿನವರು ಆ ಮಾತುಕತೆ ಕೇಳಿಸಿಕೊಂಡಿದ್ದರು. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಕುತ್ತು ಎಂದರಂತೆ. ಅವಳು ನನಗೆ ಹೇಳಲಿಲ್ಲ, ಮಂಜುವಿಗೆ ಹೇಳುವಾಗ ಕೇಳಿಸಿತು. ‘ಸೈಕಲ್ ಹಿತ್ತಲಿಗೆ ಹಾಕ್ತೀನಿ’ ಎಂದ ಅವನು. ‘ಹಿತ್ತಲಲ್ಲಿ ಅತ್ತೆ ಒಬ್ರೇ ಬಿದ್ರೆ ಯಾರು ನೋಡ್ತಾರೆ? ಸೈಕಲ್ ಇಲ್ಲೇ ಇರ್ಲಿ. ನಾನು ಎದ್ದೇಳೋ ಹೊತ್ತು ಬದಲಿಸ್ಕೊಳ್ತೀನಿ’ ಎಂದಳು.

ಬದಲಿಸಿಕೊಂಡಳು. ಬೆಳಿಗ್ಗೆ ನನ್ನ ಮಾತ್ರೆ ಕೆಲಸ ಮಾಡಿ ಮೈ ಸಡಿಲವಾಗುವ ಹೊತ್ತಿಗೆ ಅವಳ ಅಡುಗೆ ಮುಗಿದಿರುತ್ತದೆ. ಅವಳು ಕಂಪ್ಯೂಟರ್ ತೆರೆಯುವ ಮೊದಲು ನಾನು ತುಳಿದು ಮುಗಿಸಬೇಕು. ನಾನು ತುಳಿಯುವಾಗ ಪಕ್ಕದಲ್ಲೇ ಕೂತು ಹುರುಳಿಕಾಯಿ ಸೋಸುತ್ತಾಳೆ, ಇಲ್ಲವೇ ಜಡೆ ಹಾಕಿಕೊಳ್ಳುತ್ತಾಳೆ. ಮಧ್ಯಾಹ್ನ ಅವಳಿಗೆ ಟೀ ಬಿಡುವು ಕೊಡುತ್ತಾರೆ. ಅವಳು ಟೀ ಕುಡಿಯುತ್ತಾ ನಿಲ್ಲುತ್ತಾಳೆ, ನಾನು ಇನ್ನೊಂದು ಸಲ ಹತ್ತುತ್ತೇನೆ. ಗಿರಾಕಿ ಬಂದರೆ ಕಾಯಬೇಕು. ‘ಅಮ್ಮ ಬನವಾಸಿಗೆ ಹೋಗಿದ್ದಾರೆ, ಈಗ ಬರ್ತಾರೆ, ಕೂತ್ಕೊಳ್ಳಿ’ ಎನ್ನುತ್ತಾಳೆ. ಹೊಸ್ತಿಲ ಮುಂದೆ ದಿನ ಬೆಳಿಗ್ಗೆ ರಂಗೋಲಿ ಪುಡಿಯಿಂದ ಒಂದು ದಪ್ಪ ಗೆರೆ ಅಡ್ಡ ಎಳೆಯುತ್ತಾಳೆ, ಅವಳ ಪಾದದ ಬದಲಿಗೆ. ಅದನ್ನು ನೋಡಿ ದಾಟುತ್ತೇನೆ.

ನನ್ನ ಕೈಯನ್ನು ನೋಡಿದವಳೂ ಅವಳೇ. ‘ಅತ್ತೆ, ತುಳಿದು ಇಳಿದ ಮೇಲೆ ಸ್ವಲ್ಪ ಹೊತ್ತು ನಿಮ್ಮ ಕೈ ಸುಮ್ನೆ ಇರ್ತದೆ, ಗಮನಿಸಿದ್ರಾ?’ ಎಂದಳು. ನಾನು ಗಮನಿಸಿರಲಿಲ್ಲ. ನೋಡಿದರೆ ನಿಜ. ಹುಕ್ಕನ್ನೆಲ್ಲ ಆ ಹೊತ್ತಿಗೆ ಎತ್ತಿಟ್ಟುಕೊಳ್ಳಲು ಶುರು ಮಾಡಿದೆ. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳುವುದಿಲ್ಲ. ನನಗೂ ದಿನವೂ ಆಗುವುದಿಲ್ಲ. ಸಣ್ಣ ಹೋಗಿಲ್ಲ. ಎಡಗಾಲು ಈಗ ಎಳೆಯುತ್ತದೆ, ದನಿ ಸಣ್ಣಗಾಗಿದೆ, ಸಾರು ಚೆಲ್ಲುತ್ತದೆ. ಆದರೂ ಈ ಸೊಸೆಯ ಬುದ್ಧಿಗೆ, ಅವಳು ಮುಖ ಗಂಟಿಕ್ಕದೆ ದಿನವನ್ನು ಮಡಚಿ ನನಗೂ ಜಾಗ ಮಾಡುವ ರೀತಿಗೆ ನಾನು ದಂಗಾಗಿದ್ದೇನೆ. ಇಷ್ಟು ವರ್ಷ ಬಟ್ಟೆ ಕತ್ತರಿಸಿದವಳು ನಾನು. ಇಷ್ಟೇ ಬಟ್ಟೆಯಲ್ಲಿ ಎರಡು ಬ್ಲೌಸ್ ತೆಗೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

(ಇಲ್ಲಿ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ಎದ್ದು ಹೋದಳು. ಕರೆದು ಕೂರಿಸಿದ್ದೇನೆ.)

ಕಳೆದ ತಿಂಗಳು ಅವಳ ತಮ್ಮನ ಮದುವೆ ನಿಶ್ಚಯವಾಯಿತು. ತವರಿನಿಂದ ಒಳ್ಳೆಯ ರೇಷ್ಮೆ ಸೀರೆ ಬಂತು. ಬೆಳಿಗ್ಗೆ ನಾನು ಸೈಕಲ್ಲಿನಿಂದ ಇಳಿದು ಬೆವರು ಒರೆಸಿಕೊಳ್ಳುತ್ತಿದ್ದಾಗ ಅದರ ಬ್ಲೌಸ್ ಬಟ್ಟೆಯನ್ನು ತಂದು ನನ್ನ ಮುಂದೆ ಹಾಸಿದಳು. ಸ್ಟೂಲ್ ಹತ್ತಿ ಬೀರುವಿನ ಮೇಲಿನ ಕತ್ತರಿ ತೆಗೆದು ಅದರ ಪಕ್ಕದಲ್ಲಿಟ್ಟಳು.

‘ನೀವೇ ಕತ್ತರಿಸಬೇಕು ಅತ್ತೆ.’

‘ತಲೆ ಕೆಟ್ಟೈತೇನೇ ನಿಂಗೆ? ಇರೋದು ಇಷ್ಟೇ ಬಟ್ಟೆ. ತಪ್ಪಿದ್ರೆ ಇಂಥದ್ದು ಇನ್ನೊಂದು ಸಿಗಾಂಗಿಲ್ಲ.’

‘ಗೊತ್ತದೆ.’

ಅಂಗಡಿಗೆ ಹೊರಟಿದ್ದ ಮಂಜು ಚಪ್ಪಲಿ ಬಿಟ್ಟು ಒಳಗೆ ಬಂದ. ‘ರೇಣುಕಾ, ಬ್ಯಾಡ. ಅವ್ವನ ಕೈಯಾಗೆ ಹಾಳಾದ್ರೆ ಅಕಿನೇ ಕೊರಗ್ತಾಳೆ.’

‘ಬಟ್ಟೆ ನಂದು, ನೀವು ಅಂಗಡಿಗೆ ಹೋಗಿ’ ಎಂದಳು ಅವಳು. ಹೆಡ್‌ಫೋನ್ ಸಿಕ್ಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು.

ಬಟ್ಟೆ ಮಡಚಿದೆ. ಸೀಮೆಸುಣ್ಣದಿಂದ ಗೆರೆ ಹಾಕಿದೆ. ಕತ್ತರಿ ಹಿಡಿದು ಭುಜದಿಂದ ಶುರು ಮಾಡಿದೆ. ಕುತ್ತಿಗೆಯ ತಿರುವಿನಲ್ಲಿ ಕೈಗೆ ನಡುಕ ಬಂತು. ಕತ್ತರಿಯನ್ನು ಬಟ್ಟೆಯಿಂದ ಎತ್ತಿ ಹಿಡಿದು ಕಾದೆ. ನಿಂತಿತು. ಮತ್ತೆ ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಎತ್ತಿದೆ. ಅಷ್ಟು ಹೊತ್ತೂ ರೇಣುಕಾ ಯಾರಿಗೋ ಮಿಕ್ಸಿಯ ಜಾರಿನ ವಿಷಯ ವಿವರಿಸುತ್ತಿದ್ದಳು. ಕತ್ತರಿಯ ಸದ್ದು ನಿಂತಾಗಲೂ ತಿರುಗಿ ನೋಡಲಿಲ್ಲ. ನಾನಾಗಿದ್ದರೆ ಹತ್ತು ಸಲ ನೋಡುತ್ತಿದ್ದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಂಜು ಚಪ್ಪಲಿ ಮೆಟ್ಟಿಕೊಂಡು ಹೋದ.

ಹೊಲಿದು ಮುಗಿಸಲು ಹಲವು ಬೆಳಗುಗಳು ಬೇಕಾದವು. ನಿನ್ನೆ ಸಂಜೆ ತೊಟ್ಟು ಕನ್ನಡಿಯ ಮುಂದೆ ನಿಂತಳು. ಅತ್ತ ತಿರುಗಿದಳು, ಇತ್ತ ತಿರುಗಿದಳು, ಕೈ ಎತ್ತಿದಳು.

‘ತೋಳು ಬಿಗಿ ಆಗ್ಯದೆ ಅತ್ತೆ. ಕೈ ಎತ್ತಕ್ಕೇ ಆಗಲ್ಲ. ಬಿಚ್ಚಿ ಹೊಲಿದು ಕೊಡಿ.’

ಮಂಜು ಅವಳನ್ನು ದುರುಗುಟ್ಟಿ ನೋಡಿದ. ಅವನಿಗೇನು ಗೊತ್ತು. ಕೈ ನಡುಗುತ್ತದೆಂದು ಊರಿಗೆ ತಿಳಿದ ಮೇಲೆ ನನ್ನ ಕೆಲಸದಲ್ಲಿ ಒಬ್ಬರೂ ತಪ್ಪು ತೆಗೆದಿರಲಿಲ್ಲ. ಸೊಟ್ಟ ಹೆಮ್ಮಿಂಗನ್ನೂ ‘ಚೆನ್ನಾಗೈತೆ ಬಿಡಮ್ಮ’ ಎಂದು ಮಡಚಿ ಒಯ್ಯುತ್ತಿದ್ದರು.

‘ನೀನು ದಪ್ಪ ಆಗೀಯ, ನನ್ನ ಕಟಿಂಗ್‌ದೇನು ತಪ್ಪಿಲ್ಲ’ ಎಂದೆ.

‘ನಾನೇನೂ ದಪ್ಪ ಆಗಿಲ್ಲ. ನೀವು ಹೊಲಿಗೆ ಒಳಗೆ ಹಿಡಿದೀರಿ. ಮದುವೆ ಹತ್ರ ಬಂತು, ಇವತ್ತೇ ಮಾಡಿಕೊಡಿ.’

‘ಇವತ್ತು ಆಗಾಂಗಿಲ್ಲ. ನಂಗೆ ಬ್ಯಾರೆ ಗಿರಾಕಿ ಇಲ್ಲೇನು? ಅಲ್ಲಿಟ್ಟು ಹೋಗು. ನಾಳೆ ಬಾ.’